ಪ್ಲೈವುಡ್ ಅರಮನೆಯಲ್ಲಿ ಕಾಮಣ್ಣ ಕಾಕಾನ ಕಂಬಳಿ

ಒಂದಾನೊಂದು ಊರಲ್ಲಿ ಒಬ್ಬ ರಾಜನಿದ್ದ. ನನ್ನ ಅಜ್ಜಿ ಚಂದ್ರಭಾಗಾ ಹೇಳುವ ಕತೆಗಳಲ್ಲಿ ರಾಜರಿಗೆ ಏಳು ಸುತ್ತಿನ ಕೋಟೆ ಇರುತ್ತದೆ. ಈ ರಾಜನಿಗೆ ಇದ್ದದ್ದು ಚಿಂಚೋಳಿ ಎಂಐಡಿಸಿಯ, ಅಂದರೆ ಕಾರ್ಖಾನೆಗಳ ಬಡಾವಣೆಯ, ಗೋದಾಮಿನೊಳಗೊಂದು ಪ್ಲೈವುಡ್ ಅರಮನೆ. ಮೀಸೆಯೂ ಗೋಂದಿನದು. ಸಿನಿಮಾದಲ್ಲಿ ಕುರುಬನಾಗಿ ಹುಟ್ಟಿ ರಾಜನಾಗುವ ಪಾತ್ರ ಅವನದು. ಕುರಿ ಹತ್ತಿರ ಬಂದರೆ ಕುರ್ಚಿ ಹತ್ತಿ ನಿಲ್ಲುತ್ತಿದ್ದ.

ಆ ಸಿನಿಮಾಕ್ಕೆ ಕುರನೂರಿನಿಂದ ಹೋದವರು ನಾವು ಮೂವರು. ಹನ್ನೆರಡು ಕುರಿಗಳ ಜೊತೆ ಕಾಮಣ್ಣ ಕಾಕಾ, ಗುಂಪಿನಲ್ಲಿ ನಿಲ್ಲಲು ಅಜ್ಜಿ, ಅಂದರೆ ನಮ್ಮ ಆಯಿ, ಮತ್ತು ನಾನು, ಶುಭಾಂಗಿ. ಊರಲ್ಲಿ ಕೋಳಿ ಕಳೆದರೂ ತಾಳಿ ಕಳೆದರೂ ಜನ ಮೊದಲು ಬರುವುದು ಆಯಿಯ ಕಟ್ಟೆಗೆ. ಇಲ್ಲಿ ಅವಳನ್ನು ‘ಮುದುಕಿ ನಂಬರ್ ನಾಲ್ಕು’ ಎಂದು ಕೂಗುತ್ತಿದ್ದರು. ನನಗೊಂದು ಮಾತು ಕೊಟ್ಟಿದ್ದರು: ‘ರಾಜರು ಬಂದರು.’ ಎರಡು ದಿನ ಖಾಲಿ ಕೊಡ ಹೊತ್ತು ನಿಂತೆ. ರಾಜರು ಬರಲಿಲ್ಲ, ಮೀಸೆ ಒಣಗಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಕಾಮಣ್ಣ ಕಾಕಾ ಎಂದಿನಂತೆ ಕಂಬಳಿಯೊಳಗೆ ಕುರುಬರ ದೇವರು ಬೀರೋಬಾನ ಭಂಡಾರ, ಅದೇ ಅರಿಶಿಣ ಪುಡಿ, ಉದುರಿಸಿ ಸುತ್ತಿಟ್ಟ. ಉಳಿದದ್ದನ್ನು ಎಲ್ಲರ ಹಣೆಗೆ ಹಚ್ಚಿದ. ಮ್ಯಾನೇಜರ್ ಅಮೋಲ್ ಮಾತ್ರ ಹಿಂದೆ ಸರಿದ. ಬಿಳಿ ಅಂಗಿಗೆ ಕಲೆಯಾಗುತ್ತದಂತೆ.

ಮಧ್ಯಾಹ್ನ ನಿರ್ದೇಶಕರಿಗೆ ಇದ್ದಕ್ಕಿದ್ದಂತೆ ಸಂಜೆಯ ದೃಶ್ಯ ಈಗಲೇ ಬೇಕೆನಿಸಿತು. ಒಡವೆಯ ಪೆಟ್ಟಿಗೆ ತೆಗೆದರೆ ರಾಣಿಯ ಸೊಂಟದ ಬೆಳ್ಳಿ ಡಾಬು ಇಲ್ಲ. ಅಲ್ಲಿ ಅಸಲಿಯಾಗಿದ್ದದ್ದು ಅದೊಂದೇ, ಯಾವುದೋ ಹಳೆಯ ವಾಡೆಯಿಂದ ಬೇಡಿ ತಂದದ್ದು. ಪೆಟ್ಟಿಗೆಯ ಬಳಿ ಹೋಗುತ್ತಿದ್ದವರು ಅಮೋಲ್ ಮತ್ತು ಮೇಕಪ್ಪಿನ ಸೋಮು ಇಬ್ಬರೇ. ಆದರೂ ಅಮೋಲ್ ಸಾಲಾಗಿ ನಿಲ್ಲಿಸಿದ್ದು ನಮ್ಮನ್ನು. ಬೆವರು ಒರೆಸಿಕೊಳ್ಳುತ್ತಿದ್ದ ಅವನ ಒದ್ದೆ ಕರ್ಚೀಫಿನಲ್ಲಿ ಕೆಂಪು ಕಲೆ ಕಂಡೆ. ಅಲ್ಲಿ ಎಲ್ಲವೂ ಬಣ್ಣವೇ ಎಂದು ಸುಮ್ಮನಾದೆ.

“ಕಂಬಳಿ ನೀನ ಬಿಚ್ಚು,” ಎಂದ ಅಮೋಲ್, ಕಾಮಣ್ಣ ಕಾಕಾನಿಗೆ. “ಆ ಕುರಿ ನಾತ ನಾ ಮುಟ್ಟಂಗಿಲ್ಲ.”

ಬಿಚ್ಚಿದಾಗ ಡಾಬು ಕೆಳಗೆ ಬಿತ್ತು.

ಕುರಿಗೆ ನೀರು ಕುಡಿಸಲು ಹೋಗಿದ್ದೆ, ಕಂಬಳಿ ಇಲ್ಲೇ ಇತ್ತು ಎಂದ ಕಾಕಾನ ಮಾತನ್ನು ಯಾರೂ ಕೇಳಲಿಲ್ಲ. ಅಮೋಲ್ ಪೊಲೀಸರಿಗೆ ಫೋನ್ ಮಾಡಿದ. ಕಾಕಾ ಅಪ್ಪನ ಕಾಲದ ಆ ಕಂಬಳಿಯನ್ನು ಆಯಿಯ ಮುಂದಿಟ್ಟ.

“ಕಳ್ಳ ಅನಿಸಿಕೊಂಡ ಹೆಗಲಿಗೆ ಇದು ಬ್ಯಾಡ, ಚಂದ್ರವ್ವ.”

“ಪೊಲೀಸರು ಬರೂದರೊಳಗ ನಾನ ನಿನಗ ಹೊಚ್ಚತೀನಿ,” ಎಂದಳು ಆಯಿ.

ಅವಳು ಮೊದಲು ಸೋಮುವನ್ನು ಮಾತಾಡಿಸಿದಳು. ಆಮೇಲೆ ನಲ್ಲಿಯ ಹತ್ತಿರ ಹೋಗಿ ಬಟ್ಟೆ ಸಾಬೂನು ನೋಡಿದಳು. ಕ್ಯಾಮೆರಾ ಪೂಜೆಗೆ ಇಟ್ಟಿದ್ದ ನಿಂಬೆಹಣ್ಣು ಎತ್ತಿಕೊಂಡು ಎಲ್ಲರನ್ನೂ ಸಿಂಹಾಸನದ ಮುಂದೆ ಕರೆದಳು.

“ಅಮೋಲ್ ಸಾಹೇಬ್ರ, ಕರ್ಚೀಫಿಗೆ ಏನ್ ಹತ್ತೇತಿ?”

“ಸಿನಿಮಾದ ರಗತ, ಅಜ್ಜಿ.”

“ಯುದ್ಧ ನಾಡಿದ್ದು. ರಗತದ ಬಾಟಲಿ ಇನ್ನೂ ಒಡದಿಲ್ಲ ಅಂತಾನ ಸೋಮು.”

ನಿರ್ದೇಶಕರು ಕರ್ಚೀಫು ಕಸಿದು ಕೊಟ್ಟರು. ಆಯಿ ನಿಂಬೆ ಹಿಂಡಿದಳು. ಕೆಂಪು ಕಲೆ ನಮ್ಮ ಕಣ್ಣೆದುರೇ ಹಳದಿಯಾಯಿತು.

“ಅರಿಶಿಣಕ್ಕ ಸಾಬಾಣ ಹತ್ತಿದ್ರ ಕೆಂಪು, ಹುಳಿ ಹಿಂಡಿದ್ರ ತಿರುಗಿ ಹಳದಿ. ಸೀರಿ ಒಗದ ಯಾವ ಹೆಂಗಸಿಗೂ ಇದು ಗೊತ್ತು. ಮುಂಜಾನೆ ನೀ ಭಂಡಾರ ಬ್ಯಾಡಂದಿ. ಕಂಬಳಿ ಮುಟ್ಟಂಗಿಲ್ಲಂದಿ. ಮತ್ತ ನಿನ್ನ ಕೈಗೆ ಭಂಡಾರ ಎಲ್ಲಿಂದ ಬಂತು?”

ಅಮೋಲ್ ಎರಡೂ ಕೈ ಬೆನ್ನ ಹಿಂದೆ ಸರಿಸಿದ. ಉಳಿದದ್ದನ್ನು ಆಯಿಯೇ ಹೇಳಿದಳು. ಸಂಜೆಯೊಳಗೆ ಸಾಗಿಸಲೆಂದು ಡಾಬು ಎತ್ತಿಟ್ಟುಕೊಂಡಿದ್ದ. ಮಧ್ಯಾಹ್ನವೇ ಅದನ್ನು ಕೇಳಿದಾಗ ಗಾಬರಿಯಾಗಿ ಹತ್ತಿರದ ಕಂಬಳಿಗೆ ತುರುಕಿದ. ಕುರಿ ವಾಸನೆ ಹೋಗಲೆಂದು ಸಾಬೂನು ಹಚ್ಚಿ ಕೈ ತೊಳೆದು ಕರ್ಚೀಫಿಗೆ ಒರೆಸಿದ.

“ಎಲ್ಲಾರಂಗ ಹಣಿಗೆ ಹಚ್ಚಿಕೊಂಡಿದ್ರ ನಿನ್ನ ಯಾರೂ ಕೇಳತಿದ್ದಿಲ್ಲ,” ಎಂದಳು. “ಹೇಸಿಕೊಂಡು ಸಿಕ್ಕಿಬಿದ್ದಿ.”

ಅಮೋಲ್ ಸಿಂಹಾಸನದ ಮೆಟ್ಟಿಲ ಮೇಲೆ ಕುಳಿತ. ಪ್ಲೈವುಡ್ ಲಟಕ್ಕೆಂದಿತು. ನಿರ್ದೇಶಕರಿಗೆ ನಾಚಿಕೆಯಾಗಲಿಲ್ಲ, ಐಡಿಯಾ ಬಂತು: ನಿಂಬೆ ಹಿಂಡುವುದನ್ನು ಕ್ಯಾಮೆರಾ ಮುಂದೆ ಇನ್ನೊಮ್ಮೆ ಮಾಡಿ ತೋರಿಸು ಎಂದರು. ಆಯಿ ಅವರತ್ತ ತಿರುಗಿಯೂ ನೋಡಲಿಲ್ಲ.

ಹೊರಗೆ ಪೊಲೀಸ್ ಜೀಪು ನಿಂತ ಸದ್ದಾಯಿತು. ಆಯಿ ಕಂಬಳಿಯನ್ನು ಎರಡು ಸಲ ಕೊಡವಿದಳು. ಕಾಮಣ್ಣ ಕಾಕಾ ತಲೆ ಎತ್ತಿ ಎದ್ದು ನಿಂತ. ಮೂರು ದಿನದಿಂದ ಬಾಯಲ್ಲೇ ಉಳಿದಿದ್ದ ನನ್ನ ಮಾತು, ಯಾರೂ ಕೇಳದಿದ್ದರೂ, ತಾನಾಗಿ ಹೊರಬಂತು: “ರಾಜರು ಬಂದರು.”

ಆಯಿ ಅವನ ಹೆಗಲಿಗೆ ಕಂಬಳಿ ಹೊದಿಸಿದಳು.