ಎರಡನೇ ಹಂತದವರೆಗೆ ಸೀಮೆಸುಣ್ಣ

ಬೆಳಿಗ್ಗೆ 9.40ಕ್ಕೆ ಗಾರೆ ಕಲಸುವ ಹೆಂಗಸೊಬ್ಬಳು ಠಾಣೆಗೆ ಬಂದಳು. ಹಿಂದಿನ ದಿನ ಏಳು ಮಹಡಿಯ ಹೊಸ ಕಟ್ಟಡದ ಮುಂಗೋಡೆಗೆ ಕಟ್ಟಿದ್ದ ಸಾರುವೆಯ ಹಲಗೆ ಜಾರಿ, ಅವಳ ತಮ್ಮ ಐದನೇ ಹಂತದಿಂದ ಬಿದ್ದು ಸತ್ತಿದ್ದ.

"ಹೋದೋನು ಹೋದ ಸಾರ್. ನಮ್ಮ ಯಜಮಾನ್ರನ್ನ ಇಳಿಸಿ. ಇವತ್ತು ಹಿಂಗೋಡೆಗೆ ಹತ್ತಿಸಿದ್ದಾರೆ."

"ನೀವೇ ಕರೀಬೇಕಿತ್ತು," ಎಂದರು ಇನ್ಸ್‌ಪೆಕ್ಟರ್.

"ಕರೆದೆ. ಚೀಟಿಗೆ ಸಹಿ ಬಿದ್ದಿದೆ, ಬಾಯಿ ಮುಚ್ಚೇ ಅಂದ್ರು."

ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿ ಅವಳನ್ನೂ ಜೀಪಿನಲ್ಲಿ ಕೂರಿಸಿಕೊಂಡು ಹೊರಟರು. 10.20ಕ್ಕೆ ಕಟ್ಟಡ ತಲುಪಿದರು. ಹಿಂಗೋಡೆಯ ಸಾರುವೆಯ ಬುಡದಲ್ಲಿ ಹಸಿರು ಚೀಟಿ ತೂಗುತ್ತಿತ್ತು: 'ಎಲ್ಲ ಹಂತ ಪರೀಕ್ಷಿಸಿದೆ.' ಕೆಳಗೆ ಸುರಕ್ಷತಾ ಮೇಲ್ವಿಚಾರಕನ ಆ ದಿನದ ಸಹಿ. ದಿನಾ ಕೆಲಸಕ್ಕೆ ಮುಂಚೆ ಅವನು ಮೇಲಿನವರೆಗೆ ಹತ್ತಿ, ಕಂಬ ಹಿಡಿದಿಡುವ ಒಂದೊಂದು ಕ್ಲ್ಯಾಂಪನ್ನೂ ಅಲ್ಲಾಡಿಸಿ ನೋಡಿ, ಸೀಮೆಸುಣ್ಣದಿಂದ ಗೀಟು ಎಳೆಯಬೇಕು. ಪರವಾನಗಿ ಕೊಟ್ಟದ್ದೇ ಆ ಷರತ್ತಿನ ಮೇಲೆ.

"ಈ ಹೊಟ್ಟೆ ಹೊತ್ತು ಸಾರುವೆ ಹತ್ತಿದರೆ ಕಟ್ಟಡವೇ ವಾಲುತ್ತೆ ಸಾರ್," ಎಂದ ಜೊತೆಗೆ ಬಂದಿದ್ದ ದಫೇದಾರ, ತನ್ನ ಹೊಟ್ಟೆ ತಟ್ಟಿಕೊಂಡು. ಇಬ್ಬರೂ ಒಳಗಿನ ಮೆಟ್ಟಿಲು ಹತ್ತಿ, ಮಹಡಿಗೊಮ್ಮೆ ಕಿಟಕಿಯಿಂದ ಕೈಚಾಚಿ ನೋಡಿದರು. ಎರಡನೇ ಹಂತದವರೆಗೆ ಗೀಟುಗಳಿದ್ದವು. ಮೂರರಲ್ಲಿ ಬರೀ ಧೂಳು. ನಾಲ್ಕರಲ್ಲಿ ಒಂದು ಕ್ಲ್ಯಾಂಪು ಇನ್ಸ್‌ಪೆಕ್ಟರ ಬೆರಳಿಗೇ ತಿರುಗಿತು. ದಫೇದಾರನ ನಗೆ ಆರಿಹೋಯಿತು.

ಆರನೇ ಹಂತದ ಹಲಗೆಗಳ ಮೇಲೆ ಒಂಬತ್ತು ಜನ. ಕೂಗಿದರೆ ಎಲ್ಲರೂ ಒಟ್ಟಿಗೆ ಓಡುತ್ತಾರೆ, ಓಡಿದರೆ ಎಲ್ಲರೂ ಹೋಗುತ್ತಾರೆ. ಇನ್ಸ್‌ಪೆಕ್ಟರ್ ಕಿಟಕಿಯಲ್ಲಿ ನಿಂತು, ಕಾಫಿಗೆ ಕರೆಯುವವರಂತೆ ಹೇಳಿದರು:

"ಒಬ್ಬೊಬ್ಬರೇ ಒಳಗೆ ಬನ್ನಿ. ಹೆಸರು ಬರ್ಕೋಬೇಕು. ಅವಸರ ಇಲ್ಲ."

ಎಂಟು ಜನ ಒಳಬಂದರು. ಕೊನೆಯವನು ಆ ಹೆಂಗಸಿನ ಗಂಡ. "ಕರಣೆ ತೊಳೆದು ಬಂದೆ ಸಾರ್."

"ಬಿಸಾಕ್ರೀ! ಬನ್ನಿ."

ಅವನ ಕಾಲು ಕಿಟಕಿಯ ಚೌಕಟ್ಟಿನ ಮೇಲಿರುವಾಗಲೇ ಕೆಳಗೆಲ್ಲೋ ಕಬ್ಬಿಣ ಠಣ್ಣೆಂದಿತು. ಹಲಗೆ ಹಿಂದಿನಿಂದ ಜಾರಿತು. ದಫೇದಾರ ಅವನ ಅಂಗಿ ಹಿಡಿದು ಒಳಕ್ಕೆಳೆದು, ಅವನ ಜೊತೆಗೆ ತಾನೂ ಬಿದ್ದ.

11.30ಕ್ಕೆ ಪಂಚನಾಮೆ ಮುಗಿಯಿತು. ಮೇಲ್ವಿಚಾರಕ ಕಚೇರಿ ಕೋಣೆಯಲ್ಲೇ ಕೂತಿದ್ದ.

"ಮೇಲೆ ಹತ್ತಿ ಎಷ್ಟು ದಿನ ಆಯ್ತು?"

"ಮೂರು ತಿಂಗಳು ಸಾರ್. ಒಂದ್ಸಲ ಕಾಲು ಜಾರ್ತು. ಆಮೇಲೆ ಎರಡನೇ ಹಂತ ದಾಟಿದ್ರೆ ಮಂಡಿ ನಡುಗುತ್ತೆ. ಹತ್ತೋಕಾಗದ ಮೇಲ್ವಿಚಾರಕನ್ನ ಯಾರು ಇಟ್ಕೋತಾರೆ?"

11.50ಕ್ಕೆ ಬಂಧನ. ಜೀಪಿನ ಪಕ್ಕ ಆ ಹೆಂಗಸು ಗಂಡನ ತೋಳು ಬಿಡದೆ ನಿಂತಿದ್ದಳು. ಮೇಲ್ವಿಚಾರಕನನ್ನು ಬೈಯುತ್ತಾಳೆಂದು ದಫೇದಾರ ಅಡ್ಡ ಬಂದ. ಅವಳು ಬೈಯಲಿಲ್ಲ.

"ನನ್ನ ತಮ್ಮನ ಕಿವೀಲಿ ಒಂದ್ಮಾತು ಹಾಕ್ಬಾರದಿತ್ತೇನಣ್ಣ? ನಿನ್ನ ಬದಲು ಅವನೇ ಹತ್ತಿ ನೋಡ್ಕೊಂಡು ಬರ್ತಿದ್ದ. ಯಾರಿಗೂ ಹೇಳ್ತಿರ್ಲಿಲ್ಲ."