ತಾನಾಗಿ ಬಿದ್ದ ಲಾಳ

ಲಾಯ ನೋಡಿಕೊಳ್ಳುವ ರೇಣವ್ವ ಕರಿ ಕುದುರೆ ಮೈನಾಳ ಮುಂದಿನ ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡು ಉಪ್ಪುನೀರಿನಿಂದ ಗೊರಸು ತೊಳೆಯುತ್ತಿದ್ದಳು. ಗೊರಸಿನ ಅಂಚು ಎರಡು ಬೆರಳಗಲ ಒಡೆದುಹೋಗಿತ್ತು. ನೀರು ತಾಗಿದಾಗ ಕುದುರೆಯ ಮೈ ನಡುಗಿತು, ಆದರೆ ಕಾಲು ಎಳೆದುಕೊಳ್ಳಲಿಲ್ಲ. ಎಳೆದುಕೊಂಡಿದ್ದರೆ ವಾಸಿಯಿತ್ತು ಎನಿಸಿತು ರೇಣವ್ವನಿಗೆ. ನಿನ್ನೆ ಸಂಜೆ ಇದೇ ಕಾಲಿಗೆ ಇಕ್ಕಳ ಹಾಕಿ ಲಾಳ ಕಿತ್ತವಳು ಅವಳೇ.

ಕುದುರೆಗಳ ಆಶ್ರಯಧಾಮದ ವ್ಯವಸ್ಥಾಪಕಿ ಕೇತಕಿ ಲಾಯದ ಬಾಗಿಲಲ್ಲಿ ಫೋನು ಹಿಡಿದು ನಿಂತಿದ್ದಳು. “ಸುಮ್ನ ಬಿಡಾಂಗಿಲ್ರಿ. ಕರಿ ಕುದುರಿ ಲಾಳ ಅಂದ್ರ ಮಂದಿ ಏನೂ ಮಾಡ್ತಾರ. ಠಾಣಾಕ್ಕ ಹೊಂಟೇನಿ.”

ಆಗಲೇ ಹೇಳಿಬಿಡಬಹುದಿತ್ತು. ಹೇಳಿದರೆ ಮಾತು ಬೆಳಗಾವಿಯ ವಡಗಾವಿಗೆ, ಮಗಳು ಪೂರ್ಣಿಮಾಳ ಮನೆಗೆ ಮುಟ್ಟುತ್ತಿತ್ತು. ಎರಡು ಸಲ ಬಸಿರು ನಿಲ್ಲದ ಪೂರ್ಣಿಮಾಗೆ ಈಗ ಐದನೇ ತಿಂಗಳು. ಕರಿ ಕುದುರೆಯ ಕಾಲಿನಿಂದ ತಾನಾಗಿ ಬಿದ್ದ ಲಾಳ ಬಾಗಿಲ ಮೇಲಿದ್ದರೆ ಈ ಸಲ ನಿಲ್ಲುತ್ತದೆ ಎಂದು ಅವಳ ಅತ್ತೆ ಕಾಡವ್ವ ಹೇಳಿದ್ದಳು. ಕಿತ್ತು ತಂದದ್ದಾದರೆ ಕೇಡು ಎಂದೂ ಹೇಳಿದ್ದಳು. ರೇಣವ್ವ ನಿನ್ನೆ ಸಂಜೆಯ ಬಸ್ಸಿಗೇ ಹೋಗಿ ಲಾಳ ಕೊಟ್ಟು, “ತಾನ ಬಿತ್ತು ನೋಡವಾ” ಎಂದು ಬಂದಿದ್ದಳು.

ಅವಳು ಬಕೀಟಿನ ನೀರು ಚೆಲ್ಲಿ, ಬೇರೆ ನೀರು ತರಲು ಹೋದಳು.

ಫೆಬ್ರುವರಿ 10, ಮಂಗಳವಾರ, ಬೆಳಿಗ್ಗೆ 9.40ಕ್ಕೆ ಕೇತಕಿಯ ದೂರು ಖಾನಾಪುರದ ಠಾಣೆಗೆ ಬಂತು. ಪಿಎಸ್‌ಐ ನಾಗರತ್ನಾ ಎಫ್‌ಐಆರ್ ದಾಖಲಿಸಿದರು: ಭಾರತೀಯ ನ್ಯಾಯ ಸಂಹಿತೆ ಕಲಂ 325, ಜೊತೆಗೆ ಪ್ರಾಣಿ ಹಿಂಸೆ ತಡೆ ಕಾಯ್ದೆ. 11.15ಕ್ಕೆ ಲಾಯದಲ್ಲಿ ಪಂಚನಾಮೆ ನಡೆಯಿತು. ಹುಲ್ಲಿನಲ್ಲಿ ಆರು ಮೊಳೆ ಸಿಕ್ಕವು. ಐದರ ಬಾಗಿಸಿದ ತುದಿಯನ್ನು ನೆಟ್ಟಗೆ ಮಾಡಿ ಹುಷಾರಾಗಿ ಎಳೆಯಲಾಗಿತ್ತು. ಆರನೆಯದು ಮುರಿದಿತ್ತು. ಕೆಲಸ ಗೊತ್ತಿದ್ದವರೇ ಕಿತ್ತಿದ್ದಾರೆ, ಕೊನೆಗೆ ಅವಸರ ಮಾಡಿದ್ದಾರೆ ಎಂದು ಪಶುವೈದ್ಯರು ಬರೆದುಕೊಟ್ಟರು.

“ನಿನ್ನಿ ಸಂಜಿಕ ನೀವು ಎಲ್ಲಿದ್ರಿ?” ನಾಗರತ್ನಾ ರೇಣವ್ವನನ್ನು ಕೇಳಿದರು.

“ಮೇವು ಹಾಕಿ ಮಗಳ ಕಡೆ ಹ್ವಾದ್ನಿರಿ.”

“ಯಾರರ ಬಂದಿದ್ರು?”

ರೇಣವ್ವ ಸಂದರ್ಶಕರ ಪುಸ್ತಕದತ್ತ ಕೈ ತೋರಿಸಿದಳು. ಸೋಮವಾರದ ಹಾಳೆಯಲ್ಲಿ ಒಂದೇ ಹೆಸರಿತ್ತು. ಬಾಳಕೃಷ್ಣ, ಬೆಳಗಾವಿಯ ಹಳೆಯ ಟಾಂಗಾವಾಲಾ, ಮೈನಾಳ ಮೊದಲಿನ ಮಾಲೀಕ. ಕೈ ತೋರಿಸಿದ ಮೇಲೆ ಆ ಕೈಯನ್ನು ಅವಳು ಸೆರಗಿನೊಳಗೆ ಹಾಕಿಕೊಂಡಳು.

ಎಪ್ಪತ್ತೆರಡರ ಮುದುಕನನ್ನು ಮಧ್ಯಾಹ್ನ ಎರಡಕ್ಕೆ ಠಾಣೆಯ ಬೆಂಚಿನ ಮೇಲೆ ಕೂರಿಸಲಾಯಿತು.

“ಏನಜ್ಜಾ, ಟಾಂಗಾ ಮಾರಿ ಆತು, ಇನ್ನ ಲಾಳ ಯಾರ ಕಾಲಿಗೆ?” ಕಾನ್‌ಸ್ಟೆಬಲ್ ಭರಮಪ್ಪ ಕೆಣಕಿದ.

“ನಿನ್ನ ಬೂಟಿಗೆ ಬಡಿಯಾಕ ತಮ್ಮಾ. ನೆನಿಸಿದ ಕಡ್ಲಿ ತಿನಸಾಕ ಹೋಗಿದ್ನಿ, ಅಷ್ಟ.”

“ಲಾಳ ತಗಿಯಾಕ ಬರತೈತಿ?” ನಾಗರತ್ನಾ ಕೇಳಿದರು.

“ಬರತೈತ್ರಿ ಬಾಯಾರ. ಆದ್ರ ಆಕಿ ನನ್ನ ಕೈಯಾಗ ಕಾಲ ಕೊಡಾಂಗಿಲ್ಲ. ಒಮ್ಮಿ ಅಡ್ಡ ಮೊಳಿ ಬಡಿಸಿ ವಾರಗಟ್ಟಲೆ ಓಡಿಸೀನ್ರಿ. ಆಕಿ ಮರ್ತಿಲ್ಲ. ಯಾರಿಗೆ ಕಾಲ ಕೊಡ್ತಾಳ, ಅದನ್ನ ನೋಡ್ರಿ.”

ಬುಧವಾರ ಬೆಳಿಗ್ಗೆ ಹತ್ತಕ್ಕೆ ಜೀಪು ಮತ್ತೆ ಲಾಯಕ್ಕೆ ಬಂತು. ಬಾಳಕೃಷ್ಣ ಹತ್ತಿರ ಹೋದ ಕೂಡಲೇ ಮೈನಾ ಕಿವಿ ಹಿಂದಕ್ಕೆ ಒತ್ತಿತು. ಅವನು ಬಗ್ಗಿದಾಗ ಹಲ್ಲು ತೋರಿಸಿತು. ಕೇತಕಿಗೂ ಕಾಲು ಕೊಡಲಿಲ್ಲ.

“ರೇಣವ್ವಾರ, ನೀವು ನೋಡ್ರಿ.”

ರೇಣವ್ವ ಮೊಣಕಾಲ ಹಿಂದೆ ಬೆರಳಿಟ್ಟಳು. ನೋಯುವ ಕಾಲನ್ನೇ ಎತ್ತಿ ಮೈನಾ ಅವಳ ಅಂಗೈಯಲ್ಲಿಟ್ಟಿತು. ಬಾಳಕೃಷ್ಣ ಮುಖ ತಿರುಗಿಸಿಕೊಂಡ.

“ಅಜ್ಜನ್ನ ಮನಿಗೆ ಕಳಸ್ರಿ,” ರೇಣವ್ವ ಕಾಲು ಬಿಡದೆಯೇ ಹೇಳಿದಳು. “ನಾನ ಕಿತ್ತೇನ್ರಿ.”

ಮಧ್ಯಾಹ್ನ 2.30ಕ್ಕೆ ವಡಗಾವಿಯಲ್ಲಿ ಜಪ್ತಿ ಪಂಚನಾಮೆ. ಬಾಗಿಲ ಮೇಲೆ ಲಾಳಕ್ಕೆ ಅರಿಶಿನ ಹಚ್ಚಿ, ಸೇವಂತಿಗೆ ಏರಿಸಿದ್ದರು. ಭರಮಪ್ಪ ಸ್ಟೂಲು ಹತ್ತಿ ಬಿಚ್ಚಿದ.

“ಯಾಕ ಒಯ್ತಾರವಾ?” ಪೂರ್ಣಿಮಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ತಾಯಿಯನ್ನು ಕೇಳಿದಳು. “ಲಾಳ ಸಂಸ್ಥಾದ್ದು, ನೀ ಕೇಳದ ತಂದಿ ಅಂತ ಒಯ್ತಾರೇನು? ತಾನ ಬಿದ್ದದ್ದು ಹೌದಲ್ಲ?”

ಕಾಡವ್ವ ಒಳಗಿನಿಂದ ಬಂದು ನಿಂತಳು. ರೇಣವ್ವ ಹೌದೆಂದು ತಲೆಯಾಡಿಸಿದಳು. ನಾಗರತ್ನಾ ಅದನ್ನು ನೋಡಿದರು. ‘ಕಬ್ಬಿಣದ ಲಾಳ ಒಂದು’ ಎಂದಷ್ಟೇ ಪಂಚರಿಗೆ ಓದಿ ಹೇಳಿ ಸಹಿ ಹಾಕಿಸಿದರು.

ಸಂಜೆ 4.50, ಹೆಂಗಸೆಂದು ಸೂರ್ಯ ಮುಳುಗುವ ಮೊದಲೇ, ಠಾಣೆಯಲ್ಲಿ ರೇಣವ್ವನ ಬಂಧನದ ಕಾಗದ ಬರೆದರು.

“ಒಂದ ಮಾತು ಕೇಳಿದ್ರ ಕೇತಕಿ ಬಾಯಾರು ಹಳೇ ಲಾಳ ಕೊಡ್ತಿದ್ರಲ್ಲ?” ನಾಗರತ್ನಾ ಕೇಳಿದರು.

“ತಾನ ಬಿದ್ದದ್ದ ಬೇಕಾಗಿತ್ರಿ. ನಾಕ ತಿಂಗಳು ಕಾದ್ನಿ. ಇದು ಜರಾ ಸಡಿಲಾಗಿತ್ತು.” ರೇಣವ್ವ ತನ್ನ ಅಂಗೈ ನೋಡಿಕೊಂಡಳು. “ಆಕಿ ದಿನಾ ನಂಬಿ ಕಾಲ ಕೊಡ್ತಿದ್ದಳ್ರಿ. ನಾನು ಮದಲ ಲಾಳ ನೋಡ್ತಿದ್ನಿ, ಆಮ್ಯಾಲ ಕಾಲ.”

ನಾಗರತ್ನಾ ಪೆನ್ನು ಹಿಡಿದೇ ಇದ್ದರು. ಆ ಮಾತನ್ನು ಬರೆದುಕೊಳ್ಳಲಿಲ್ಲ.

ಜಾಮೀನಿಗೆ ಸಹಿ ಹಾಕಿದವಳು ಕೇತಕಿಯೇ. ಹೊರಗೆ ಮೆಟ್ಟಿಲ ಮೇಲೆ ದನಿ ತಗ್ಗಿಸಿ ಹೇಳಿದಳು: “ಸಡಿಲಿತ್ತು, ತೊಳಿಯುವಾಗ ತಾನ ಕೈಯಾಗ ಬಂತು ಅಂತ ಕೋರ್ಟಿನ್ಯಾಗ ಹೇಳಿಬಿಡ್ರಿ ರೇಣವ್ವಾ. ನಾನೂ ಹಂಗ ಹೇಳ್ತೀನಿ. ಮಗಳ ಮನಿಯಾಗೂ ಚಲೋ ಆಗತೈತಿ.”

“ಠಾಣಾದಾಗ ಹೇಳಿದ್ದು ಕೋರ್ಟಿನ್ಯಾಗ ನಡಿಯೂದಿಲ್ಲ ಯಕ್ಕಾ,” ಬಾಗಿಲಲ್ಲಿ ನಿಂತ ಭರಮಪ್ಪನೂ ದನಿಗೂಡಿಸಿದ. “ಜಡ್ಜ್ ಸಾಹೇಬ್ರ ಮುಂದ ಏನ್ ಅಂತಿ, ಅದ ಖರೇ.”

“ಆಗ್ಲಿ ಬಿಡ್ರಿ,” ಎಂದಳು ರೇಣವ್ವ.

ಬಸ್ ನಿಲ್ದಾಣದ ಕಡೆ ನಡೆಯುತ್ತಿದ್ದಾಗ ಪೂರ್ಣಿಮಾಳ ಫೋನು ಬಂತು. ಶುಕ್ರವಾರ ಕುಬಸದ ಸೀಮಂತಕ್ಕೆ ಹಸಿರು ಸೀರೆ ತರಲು ಹೋಗೋಣವೇ ಎಂದು ಕೇಳಿದಳು. ಲಾಳ ಯಾವಾಗ ತಿರುಗಿ ಕೊಡುತ್ತಾರೆ ಎಂದೂ ಕೇಳಿದಳು. ಶುಕ್ರವಾರ ಬರುತ್ತೇನೆ ಎಂದಳು ರೇಣವ್ವ, ಅದಕ್ಕಿಂತ ಹೆಚ್ಚೇನೂ ಹೇಳಲಿಲ್ಲ.

ಶುಕ್ರವಾರ ಸೀರೆ ತೆಗೆಸುವುದಕ್ಕೆ ಮೊದಲು, ಮಗಳೊಬ್ಬಳನ್ನೇ ಕೂರಿಸಿಕೊಂಡು ಲಾಳ ನಾನೇ ಕಿತ್ತೆ ಎಂದು ಹೇಳಬೇಕು. ಕೇತಕಿಗೆ ಆಗಲಿ ಎಂದಿದ್ದರೂ, ಆಮೇಲೆ ಕೋರ್ಟಿನಲ್ಲೂ ಅದನ್ನೇ ಹೇಳಬೇಕು ಎಂದುಕೊಂಡಳು. ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಪರಿಚಯದ ಹೆಂಗಸು, ಯಾಕ ಬೇ, ಮೈಯಾಗ ಆರಾಮಿಲ್ಲೇನು ಎಂದು ಕೇಳಿದಾಗ, ಆರಾಮ ಅದೀನಿ ಎಂದು ರೇಣವ್ವ ಕಿಟಕಿಯ ಕಡೆ ಸರಿದು ಅವಳಿಗೆ ಜಾಗ ಮಾಡಿಕೊಟ್ಟಳು.