ಅಂಗಳದಲ್ಲಿ ಒಂಬತ್ತು ಕುರ್ಚಿ

"ರೀ, ನಿಮ್ಮನ್ನೇ ಕೇಳ್ತಿರೋದು... ಐದು ದಿನದಿಂದ ನನ್ನನ್ನ ನೋಡೋದು, ಬರ್ಕೊಳ್ಳೋದು, ಮತ್ತೆ ನೋಡೋದು! ಏನ್ರೀ ಅದು?"

ಅವಳು ಬೆಚ್ಚಿಬಿದ್ದಳು. ತೊಡೆಯ ಮೇಲಿದ್ದ ಪುಸ್ತಕ ಜಾರಿ ನೆಲಕ್ಕೆ ಬಿತ್ತು. ಅವಳು ಬಗ್ಗುವ ಮೊದಲೇ ಅವನು ಎತ್ತಿಕೊಂಡ. ತೆರೆದಿದ್ದ ಪುಟವನ್ನು ಓದಿಯೂಬಿಟ್ಟ.

'ಗಂಡಸು. ಸುಮಾರು ನಲವತ್ತು. ಒಬ್ಬರೇ. ಅಂಗಡಿ ಮೆಟ್ಟಿಲ ಮೇಲೆ. ಐವತ್ತು ನಿಮಿಷ.'

ಹಿಂದಿನ ದಿನದ ಸಾಲೂ ಹಾಗೇ ಇತ್ತು. ಅದರ ಹಿಂದಿನ ದಿನದ್ದೂ...

ಅವನ ಸಿಟ್ಟು ಅರ್ಧಕ್ಕೇ ನಿಂತುಹೋಯಿತು.

"ಸರಿಯಾಗೇ ಬರ್ದಿದೀರ," ಎಂದು ಪುಸ್ತಕ ವಾಪಸ್ ಕೊಟ್ಟ.

ಅವನು ಇನ್ನೂ ನಾಲ್ಕು ಮಾತು ಬೈದಿದ್ದರೆ ಚೆನ್ನಾಗಿತ್ತು ಅನಿಸಿತು ಅವಳಿಗೆ.

"ಕ್ಷಮಿಸಿ... ನಾನು ಕಟ್ಟಡಗಳ ನಕ್ಷೆ ಮಾಡೋ ಆಫೀಸಿನವಳು. ಈ ಅಂಗಳಕ್ಕೆ ಸಂಜೆ ಹೊತ್ತು ಯಾರು ಬರ್ತಾರೆ, ಎಷ್ಟು ಹೊತ್ತು ಇರ್ತಾರೆ ಅಂತ ಎಣಿಸ್ತಿದೀನಿ. ನಾಲ್ಕು ವಾರದ ಕೆಲಸ."

"ಎಣಿಸಿ ಏನ್ ಮಾಡ್ತೀರಿ?"

"ಜನ ಬರ್ತಾರೆ ಅಂತಾದ್ರೆ ಇದನ್ನ ಎಲ್ಲರೂ ಕೂಡೋ ಜಾಗ ಮಾಡ್ಬಹುದು. ಇಲ್ಲಾಂದ್ರೆ..."

"ಇಲ್ಲಾಂದ್ರೆ ಕಾರು ನಿಲ್ಸೋ ಐದಂತಸ್ತಿನ ಕಟ್ಟಡ. ಗೊತ್ತು." ಅವನು ಒಳಗೆ ಹೋಗಿ ಒಂದು ಪುಟ್ಟ ಸ್ಟೂಲು ತಂದಿಟ್ಟ. "ಕಲ್ಲಿನ ಮೇಲೆ ಕೂತ್ರೆ ಸೊಂಟ ಹಿಡ್ಕೊಳತ್ತೆ. ಇದ್ರ ಮೇಲೆ ಕೂತ್ಕೊಂಡು ಎಣ್ಸಿ."

ನಾಲ್ಕು ಹಳೆಯ ವಸತಿ ಕಟ್ಟಡಗಳ ನಡುವಿನ ಅಂಗಳ ಅದು. ಬಿರುಕುಬಿಟ್ಟ ಸಿಮೆಂಟು ನೆಲ, ಒಂದೇ ಒಂದು ಮರ, ಮೂಲೆಯಲ್ಲಿ ಸಾಲಾಗಿ ಆರು ಅಂಗಡಿ. ಕೊನೆಯದು ಅವನದು. ಹರಿದ ಬೆತ್ತದ ಕುರ್ಚಿಗಳಿಗೆ ಹೊಸದಾಗಿ ಬೆತ್ತ ಹೆಣೆಯುವ ಕೆಲಸ. ಸುತ್ತಲಿನವರಿಗೆಲ್ಲ ಅವನು 'ಕುರ್ಚಿಯಣ್ಣ'.

"ನೀವೂ ಹಾಗೇ ಕರೀಬಹುದು," ಎಂದಿದ್ದ ಅವನು.

ಅವಳು ಯಾಕೋ ಕರೆಯಲಿಲ್ಲ.

ಎರಡನೆಯ ವಾರವೂ ಮುಗಿಯಿತು. ದಿನಕ್ಕೆ ಇಪ್ಪತ್ತೆರಡು, ಹತ್ತೊಂಬತ್ತು, ಇಪ್ಪತ್ತು. ಹೆಚ್ಚಿನವರು ಅಡ್ಡ ಹಾಯ್ದು ಹೋಗುವವರೇ. ಯಾರೂ ಯಾರನ್ನೂ ಕಣ್ಣೆತ್ತಿ ನೋಡುತ್ತಿರಲಿಲ್ಲ.

ಅದು ಅವಳಿಗೆ ಹೊಸದೇನಲ್ಲ. ಅವಳು ಇರುವುದು ಹನ್ನೊಂದನೆಯ ಮಹಡಿಯಲ್ಲಿ, ಬಾಡಿಗೆ ಮನೆಯಲ್ಲಿ. ಮೂರು ವರ್ಷವಾಗಿತ್ತು. ಎದುರು ಮನೆಯವರ ಚಪ್ಪಲಿ ಗೊತ್ತು, ಮುಖ ಗೊತ್ತಿಲ್ಲ. ಲಿಫ್ಟಿಗೆ ಯಾರಾದರೂ ಹತ್ತಿದರೆ ಎಲ್ಲರೂ ಮೊಬೈಲಿಗೆ ಮುಖ ಕೊಡುತ್ತಿದ್ದರು. ಅವಳೂ ಅಷ್ಟೇ. ಕಳೆದ ಚಳಿಗಾಲದಲ್ಲಿ ನಾಲ್ಕು ದಿನ ಜ್ವರದಲ್ಲಿ ಮಲಗಿದ್ದಾಗ ಬಾಗಿಲು ತಟ್ಟಿದ್ದು ಒಬ್ಬನೇ, ಅದೂ ವಿಳಾಸ ತಪ್ಪಿ ಬಂದವನು.

'ಊರಿನ ಜನಕ್ಕೆಲ್ಲ ಕೂಡುವ ಜಾಗ ಬರೆದುಕೊಡುವವಳು ನಾನು... ನನಗೇ ಎಲ್ಲೂ ಜಾಗವಿಲ್ಲವಲ್ಲ!'

ಒಂದು ಸಂಜೆ ಅವನಿಗೆ ತನ್ನ ನಕ್ಷೆ ತೋರಿಸಿದಳು. ನೆರಳಿಗೆ ಏಳು ಮರ, ಅರ್ಧಚಂದ್ರಾಕಾರದ ಕಲ್ಲು ಬೆಂಚುಗಳು.

ಅವನು ಬಹಳ ಹೊತ್ತು ನೋಡಿದ.

"ಚೆನ್ನಾಗಿದೆ... ಆದ್ರೆ ಒಂದ್ ಮಾತು ಹೇಳ್ಲಾ? ಬೆಂಚು ಇಟ್ಟಲ್ಲೇ ಇರತ್ತೆ. ಜನ ಹಾಗಲ್ಲ. ಬಿಸಿಲು ಬಂದ್ರೆ ಸರೀಬೇಕು, ಮುನಿಸು ಬಂದ್ರೆ ಬೆನ್ನು ತಿರುಗಿಸ್ಬೇಕು, ರಾಜಿಯಾದ್ರೆ ಹತ್ರ ಎಳ್ಕೊಂಡು ಕೂರ್ಬೇಕು. ಕಲ್ಲನ್ನ ಹೇಗೆ ಎಳ್ಕೊತಾರೆ?"

ಅವಳು ನಕ್ಕುಬಿಟ್ಟಳು. ತನ್ನ ನಗುವಿನ ಸದ್ದು ತನಗೇ ಹೊಸದಾಗಿ ಕೇಳಿಸಿತು.

ಅವನು ಕೈಯಲ್ಲಿದ್ದ ಬೆತ್ತವನ್ನು ಮರೆತು ಅವಳನ್ನೇ ನೋಡುತ್ತಿದ್ದ...

ಮೂರನೆಯ ವಾರದ ಸೋಮವಾರ ಅವಳು ಬಂದಾಗ ಅಂಗಳದಲ್ಲಿ ಒಂಬತ್ತು ಕುರ್ಚಿಗಳಿದ್ದವು! ಒಂದೊಂದೂ ಒಂದೊಂದು ಥರ. ಯಾರೋ ಬಿಟ್ಟುಹೋಗಿದ್ದ ಹಳೆಯ ಕುರ್ಚಿಗಳಿಗೆ ಹೊಸ ಬೆತ್ತ.

ಮೊದಲು ಬಂದು ಕೂತಿದ್ದು ಮಂಡಿನೋವಿನ ನಿವೃತ್ತ ನರ್ಸಮ್ಮ. ಆಮೇಲೆ ಎರಡನೇ ಕಟ್ಟಡದ ಓರಗಿತ್ತಿಯರು. ವರ್ಷದಿಂದ ಮಾತು ಬಿಟ್ಟವರು, ಬೆನ್ನಿಗೆ ಬೆನ್ನು ಹಾಕಿ ಕೂತರು. ಗುರುವಾರದ ಹೊತ್ತಿಗೆ ಒಬ್ಬಳ ಕುರ್ಚಿ ಇನ್ನೊಬ್ಬಳ ಕಡೆ ತಿರುಗಿತ್ತು. ಕುರ್ಚಿ ಸಾಲದೆ ಜನ ಮನೆಯಿಂದ ಚಾಪೆ ತಂದರು.

ಐವತ್ತನಾಲ್ಕು. ಅರವತ್ತೊಂದು. ಎಪ್ಪತ್ತಮೂರು!

ಅವಳು ಅಕ್ಕನಿಗೆ ಫೋನ್ ಮಾಡಿ ಒಂದೇ ಉಸಿರಿಗೆ ಎಲ್ಲ ಹೇಳಿದಳು.

"ಅದೆಲ್ಲ ಇರ್ಲಿ ಕಣೇ," ಎಂದಳು ಅಕ್ಕ. "ಅವ್ನನ್ನ ಎಲ್ರೂ ಅಣ್ಣ ಅಂತಾರಲ್ಲ, ನೀನೂ ಅಂದುಬಿಟ್ಟೆಯಾ?"

"ಇಲ್ಲ."

"ಸದ್ಯ! ಅನ್ಬೇಡ."

ಅವಳು ಫೋನಿಟ್ಟು ಒಬ್ಬಳೇ ನಕ್ಕಳು.

ಆದರೆ ಮರುದಿನ ಆಫೀಸಿನಲ್ಲಿ ದೊಡ್ಡ ಮೇಡಂ ಪಟ್ಟಿ ನೋಡಿ ಹುಬ್ಬೇರಿಸಿದರು. ಮೂವತ್ತು ವರ್ಷ ಕಟ್ಟಡ ಕಟ್ಟಿದವರು, ಅವರ ಕಣ್ಣು ತಪ್ಪಿಸುವುದು ಸುಲಭವಲ್ಲ.

"ಇಪ್ಪತ್ತು ಇದ್ದಿದ್ದು ಎಪ್ಪತ್ತು ಹೇಗಾಯ್ತಮ್ಮ?"

"ಅಲ್ಲಿ ಒಬ್ರು ಕುರ್ಚಿ ಹಾಕಿದ್ರು, ಮೇಡಂ..."

"ಯಾರು? ಅಲ್ಲೇ ಅಂಗಡಿ ಇರೋರಾ?"

"ಹೌದು."

"ಕಾರಿನ ಕಟ್ಟಡ ಬಂದ್ರೆ ಅಂಗಡಿ ಹೋಗತ್ತೆ ಅಂತ ಅವ್ರಿಗೆ ಗೊತ್ತಿಲ್ವಾ? ಎಣಿಸೋಳು ನೀನು ಅಂತ್ಲೂ ಗೊತ್ತು. ನಿನ್ನ ಕಣ್ಣಿಗೆ ಚೆನ್ನಾಗೇ ಮಣ್ಣೆರಚಿದಾರೆ."

ಅವಳಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಆ ಸ್ಟೂಲು, ಆ ಮಾತು, ಆ ನೋಟ... ಎಲ್ಲ ಇದಕ್ಕೇನಾ?

ಸಂಜೆ ನೇರ ಅಂಗಡಿಗೇ ಹೋದಳು.

"ಅಂಗಡಿ ಉಳಿಸ್ಕೊಳ್ಳೋಕೆ ನಾನೇ ಸಿಕ್ಕಿದ್ನಾ ನಿಮ್ಗೆ?"

ಅವನು ತಲೆಯೆತ್ತಿದ. "ಏನಂದ್ರಿ?"

"ಒಬ್ಳೇ ಇರ್ತಾಳೆ, ಎರಡು ಒಳ್ಳೆ ಮಾತಾಡಿದ್ರೆ ಸಾಕು, ಹಿಗ್ಗಿಹೋಗ್ತಾಳೆ ಅಂದ್ಕೊಂಡ್ರಿ ಅಲ್ವಾ? ನಿಮ್ಮ ಕುರ್ಚಿಯಿಂದ ನನ್ನ ಎಣಿಕೆಯೆಲ್ಲ ಹಾಳಾಯ್ತು!"

ಅವನು ಕೈಯಲ್ಲಿದ್ದ ಬೆತ್ತವನ್ನು ಕೆಳಗಿಟ್ಟು ಎದ್ದ.

"ಎಣಿಕೆ ಹಾಳಾಗೋದು ಬೇಡ," ಎಂದಷ್ಟೇ ಹೇಳಿ ಹೊರಗೆ ಹೋಗಿ, ಒಂದೊಂದೇ ಕುರ್ಚಿಯನ್ನು ಒಳಗೆ ತಂದಿಟ್ಟ. ನರ್ಸಮ್ಮ ಕೂತಿದ್ದ ಕುರ್ಚಿಗಾಗಿ ಅವರು ಏಳುವವರೆಗೂ ಪಕ್ಕದಲ್ಲೇ ಕಾದು ನಿಂತಿದ್ದ.

ಮರುದಿನದಿಂದ ಆ ಅಂಗಡಿಯ ಬಾಗಿಲು ತೆರೆಯಲಿಲ್ಲ.

ಕೊನೆಯ ವಾರ ಅವಳು ಮತ್ತೆ ಕಲ್ಲಿನ ಮೇಲೆ ಕೂತು ಎಣಿಸಿದಳು. ಇಪ್ಪತ್ತಾರು. ಇಪ್ಪತ್ತೊಂದು. ಓರಗಿತ್ತಿಯರು ಬಂದು, ಎರಡು ನಿಮಿಷ ನಿಂತು, ಹೊರಟುಹೋದರು. ನರ್ಸಮ್ಮ ಗೋಡೆ ಹಿಡಿದುಕೊಂಡು ಕೇಳಿದರು, "ಕುರ್ಚಿಗಳೆಲ್ಲ ಎಲ್ಲಿ ಹೋದ್ವು ಮಗಳೇ?"

ಅಷ್ಟು ದೊಡ್ಡ ಅಂಗಳದಲ್ಲಿ ಅವಳ ಕಣ್ಣು ಆ ಮುಚ್ಚಿದ ಬಾಗಿಲಿಗೇ ಹೋಗುತ್ತಿತ್ತು. 'ಮೋಸ ಮಾಡಿದವನಿಗಾಗಿ ಯಾಕೆ ಹೀಗೆ ಕಾಯುತ್ತಿದ್ದೇನೆ?'

ವರದಿ ಬರೆಯಲು, ಜಾಗದ ಮಾಲೀಕರು ಕಳಿಸಿದ್ದ ಅಂಗಡಿಯವರ ಕಡತ ಬೇಕಾಯಿತು. ಪುಟ ತಿರುಗಿಸುತ್ತಿದ್ದವಳ ಕೈ ಅಲ್ಲೇ ನಿಂತಿತು.

ಕೊನೆಯ ಅಂಗಡಿಯ ಒಪ್ಪಿಗೆ ಪತ್ರ. 'ಇಲ್ಲಿ ಏನೇ ಕಟ್ಟಿದರೂ ನನ್ನ ಅಭ್ಯಂತರವಿಲ್ಲ. ಬೇರೆ ಕಡೆ ಜಾಗ ನೋಡಿಕೊಂಡಿದ್ದೇನೆ. ಅಂಗಡಿ ಬಿಟ್ಟುಕೊಡುತ್ತೇನೆ.' ಕೆಳಗೆ ಅವನ ಸಹಿ, ಹೊಸ ವಿಳಾಸ.

ತಾರೀಕು? ಅವಳು ಎಣಿಸಲು ಶುರುಮಾಡಿದ್ದಕ್ಕಿಂತ ಒಂದು ತಿಂಗಳ ಮೊದಲಿನದು!

ಉಳಿಸಿಕೊಳ್ಳಲು ಅವನಿಗೆ ಅಲ್ಲಿ ಅಂಗಡಿಯೇ ಇರಲಿಲ್ಲ...

ಅಯ್ಯೋ, ನಾನೇನು ಮಾಡಿಬಿಟ್ಟೆ!

ಮುಂದಿನ ವಾರವಿಡೀ ಅವಳು ಕೂತು ವರದಿ ಬರೆದಳು. ಏನನ್ನೂ ಮುಚ್ಚಿಡಲಿಲ್ಲ. ಕುರ್ಚಿ ಇಲ್ಲದ ದಿನಗಳು ಒಂದು ಕಡೆ, ಇದ್ದ ದಿನಗಳು ಇನ್ನೊಂದು ಕಡೆ. ಕುರ್ಚಿ ಹಾಕಿದವರು ಯಾರು, ಅವರಿಗೆ ಅದರಿಂದ ಲಾಭವಿಲ್ಲ ಅನ್ನುವುದಕ್ಕೆ ಆ ಪತ್ರದ ಪ್ರತಿ. ನಕ್ಷೆಯಿಂದ ಕಲ್ಲು ಬೆಂಚುಗಳನ್ನೆಲ್ಲ ಅಳಿಸಿದಳು. 'ಇಲ್ಲಿಗೆ ಜನ ಬರುತ್ತಿಲ್ಲ ಎಂದಲ್ಲ. ಅವರಿಗೆ ಕೂರಲು ಯಾರೂ ಏನೂ ಕೊಟ್ಟಿರಲಿಲ್ಲ,' ಎಂದು ಬರೆದಳು.

ದೊಡ್ಡ ಮೇಡಂ ಎರಡು ಸಲ ಓದಿದರು.

"ಅವತ್ತು ನಾನು ಅಷ್ಟು ಬೇಗ ಮಾತಾಡ್ಬಾರ್ದಿತ್ತು," ಎಂದರು ಮೆಲ್ಲಗೆ. "ಹೀಗೇ ಕಳ್ಸು."

ಹದಿನೈದು ದಿನಕ್ಕೆ ಮಾಲೀಕರ ಉತ್ತರ ಬಂತು. ಕಾರಿನ ಕಟ್ಟಡ ಒಂದು ವರ್ಷ ಮುಂದಕ್ಕೆ. ಅಷ್ಟರಲ್ಲಿ ಅಂಗಳ ಜನರಿಂದ ತುಂಬಿದರೆ ಅಂಗಳವಾಗಿಯೇ ಉಳಿಯುತ್ತದೆ.

"ನಲವತ್ತು ಕುರ್ಚಿ ಬೇಕು," ಎಂದರು ಮೇಡಂ. "ಎಲ್ಲಿ ಸಿಗತ್ತೆ ಅಂತ ನಿನ್ಗೆ ಗೊತ್ತಿರ್ಬೇಕಲ್ಲ?"

ಊರಿನ ಇನ್ನೊಂದು ತುದಿಗೆ ಎರಡು ಬಸ್ಸು ಬದಲಾಯಿಸಿ ಹೋದಳು. ಗೋದಾಮುಗಳ ಹಿಂದಿನ ಓಣಿ. ಒಂದು ಮನೆಯಿಲ್ಲ, ಒಂದು ಮರವಿಲ್ಲ. ಎದುರಿಗೆ ಬರೀ ಗೋಡೆ. ಅರ್ಧ ತೆರೆದ ಬಾಗಿಲೊಳಗೆ ಅವನು ತಲೆ ತಗ್ಗಿಸಿ ಬೆತ್ತ ಹೆಣೆಯುತ್ತಿದ್ದ. ರೇಡಿಯೋ ಕೂಡ ಇಲ್ಲದ ಮೌನ.

ಅವಳ ನೆರಳು ಬಿದ್ದಾಗ ತಲೆಯೆತ್ತಿದ. ಕೈ ನಿಂತಿತು.

"ಆಫೀಸಿಂದ ಫೋನ್ ಬಂದಿತ್ತು... ನಲವತ್ತು ಕುರ್ಚಿ ಅಂತ. ಅದಕ್ಕೆ ಬಂದ್ರಾ?"

"ಕುರ್ಚಿ ನೆಪ." ಅವಳು ಒಂದು ಹೆಜ್ಜೆ ಒಳಗಿಟ್ಟಳು. "ಆ ಪತ್ರ ನೋಡ್ದೆ. ನಾನು ಬಾಯಿಗೆ ಬಂದ ಹಾಗೆ ಅಂದಾಗ ಒಂದು ಮಾತು ಹೇಳ್ಬಾರ್ದಿತ್ತಾ? ಅಂಗಡಿ ಬಿಟ್ಟಾಗಿದೆ ಅಂತ?"

"ಹೇಳಿದ್ರೆ, ಹಾಗಾದ್ರೆ ಕುರ್ಚಿ ಯಾಕೆ ಹಾಕಿದ್ರಿ ಅಂತ ಕೇಳ್ತಿದ್ರಿ."

"ಈಗ ಕೇಳ್ತಿದೀನಿ."

ಅವನು ಬೆರಳಿಗೆ ಸುತ್ತಿಕೊಂಡಿದ್ದ ಬೆತ್ತವನ್ನು ನಿಧಾನ ಬಿಚ್ಚಿದ.

"ನಮ್ಮಮ್ಮ ಹೋದ್ಮೇಲೆ ಆರು ವರ್ಷ... ನಾನು ಮಾತಾಡೋದು ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಆಗಿತ್ತು. ಅದಕ್ಕೇ ಆ ಜಾಗ ಬಿಡೋಕೂ ಮನಸ್ಸಿಗೇನೂ ಅನಿಸ್ಲಿಲ್ಲ. ಆಮೇಲೆ ನೀವು ಬಂದ್ರಿ. ಯಾರಾದ್ರೂ ಅಂಗಳಕ್ಕೆ ಕಾಲಿಟ್ರೆ ಸಾಕು, ನಿಮ್ಮನೆಗೇ ನೆಂಟರು ಬಂದ ಹಾಗೆ ಮುಖ ಅರಳ್ತಿತ್ತು. ಅವ್ರು ನಿಲ್ದೆ ಹೋದ್ರೆ ಬಾಡಿಹೋಗ್ತಿತ್ತು. ನನ್ಗೆ ನೋಡೋಕಾಗ್ತಿರ್ಲಿಲ್ಲ... ನನ್ಗೆ ಬರೋದು ಒಂದೇ ಕೆಲಸ. ಅದನ್ನ ಮಾಡ್ದೆ."

ಅವಳ ಕಣ್ಣು ತುಂಬಿ ಎದುರಿನ ಗೋಡೆಯೆಲ್ಲ ಮಸುಕಾಯಿತು.

"ಅವ್ರೆಲ್ಲ ಬಂದ್ರೆ ಖುಷಿಯಾಗ್ತಿತ್ತು, ನಿಜ. ಆದ್ರೆ ಆಫೀಸಿಂದ ನಾನು ಅಷ್ಟು ಅವಸರದಲ್ಲಿ ಓಡಿ ಬರ್ತಿದ್ದಿದ್ದು ಅವ್ರಿಗೋಸ್ಕರ ಅಲ್ಲ."

ಅವನು ಕೇಳಿದ, "ಮತ್ತೆ?"

"ಎಲ್ಲಾನೂ ಬಾಯ್ಬಿಟ್ಟೇ ಹೇಳ್ಬೇಕಾ?"

"ಹೇಳಿ... ನನ್ನ ಹತ್ರ ಯಾರೂ ಏನೂ ಹೇಳಿ ಬಹಳ ದಿನ ಆಯ್ತು."

"ನಿಮ್ಗೋಸ್ಕರ."

ಅವನು ಎದ್ದ. ಏನು ಮಾಡಬೇಕೆಂದು ತಿಳಿಯದೆ ಮೂಲೆಯಲ್ಲಿದ್ದ ಡಬ್ಬಿಯನ್ನು ತೆಗೆದ, ಮತ್ತೆ ಇಟ್ಟ, ಮತ್ತೆ ತೆಗೆದ.

"ಊಟ ಆಯ್ತಾ ನಿಮ್ದು?"

"ಇಲ್ಲ."

"ನಾನೇ ಮಾಡಿದ್ದು. ಉಪ್ಪು ಸ್ವಲ್ಪ ಜಾಸ್ತಿಯಾಗಿದೆ. ಒಬ್ರಿಗಾಗೋಷ್ಟೇ ಇದೆ..."

ಅವಳು ಕಣ್ಣೊರೆಸಿಕೊಂಡು ಅವನ ಎದುರಿಗೆ ನೆಲದ ಮೇಲೆಯೇ ಕೂತಳು.

"ಸಾಕು ಬಿಡಿ. ನೀರು ಮಾತ್ರ ಜಾಸ್ತಿ ತನ್ನಿ."